ನಾಣ್ಯ ನುಂಗಿ ನೆನಪು ಕೊಡುವ ಯಂತ್ರಗಳು

ಷಿಕಾಗೋ ನಗರದ ನಡುವಣ ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಡುವ ರೈಲಿನಲ್ಲಿ ಕುಳಿತರೆ ಸುಮಾರು ಅರ್ಧ ಗಂಟೆಗೆ ಬ್ರೂಕ್‌ಫೀಲ್ಡ್ ಎಂಬ ಊರು ಸಿಗುತ್ತದೆ. ಊರು ಸಣ್ಣದು, ಅದಕ್ಕೆ ಹೆಸರು ಬಂದಿರುವುದು ಅಲ್ಲಿನ ಮೃಗಾಲಯದಿಂದ. 1934ರ ಜುಲೈ 1ರಂದು ಬಾಗಿಲು ತೆರೆದ ಈ ಮೃಗಾಲಯದಲ್ಲಿ ಆ ಕಾಲಕ್ಕೆ ಅಪರೂಪವೆನಿಸಿದ ಒಂದು ಏರ್ಪಾಡಿತ್ತು. ಕಬ್ಬಿಣದ ಕಂಬಿಗಳ ಪಂಜರಗಳಿಗೆ ಬದಲಾಗಿ, ಪ್ರಾಣಿಗೂ ನೋಡುವವರಿಗೂ ನಡುವೆ ಆಳವಾದ ಕಂದಕ. ಇಂದಿಗೂ ರಜಾದಿನಗಳಲ್ಲಿ ಷಿಕಾಗೋದ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುವುದುಂಟು.

ಹಾಗೆ ಬರುವ ತಂದೆತಾಯಿಗಳಿಗೆ ಒಂದು ಅನುಭವವಂತೂ ತಪ್ಪಿದ್ದಲ್ಲ. ಸಿಂಹವನ್ನು ನೋಡಿದ್ದಾಯಿತು, ಗೊರಿಲ್ಲವನ್ನು ನೋಡಿದ್ದಾಯಿತು, ಇನ್ನು ಮುಂದಕ್ಕೆ ಹೋಗೋಣವೆಂದು ಕೈ ಹಿಡಿದೆಳೆದರೆ ಮಗು ಕದಲುವುದಿಲ್ಲ. ಅದರ ದೃಷ್ಟಿ ಗೋಡೆಯ ಬದಿಯಲ್ಲಿ ನಿಂತ ಒಂದು ಯಂತ್ರದ ಮೇಲೆ ನೆಟ್ಟಿರುತ್ತದೆ. ಕಪಾಟಿನಷ್ಟು ಎತ್ತರದ ಯಂತ್ರ. ಅದರ ಮೇಲ್ಭಾಗದಲ್ಲಿ ಗಾಜಿನಂತೆ ಪಾರದರ್ಶಕವಾದ ಒಂದು ಗುಮ್ಮಟ. ಗುಮ್ಮಟದೊಳಗೆ ಲೋಹದ ಅಚ್ಚಿನ ಎರಡು ಹೋಳುಗಳು ಎದುರುಬದುರಾಗಿ ನಿಂತಿವೆ. ಸುತ್ತಲಿನ ಗಾಳಿಯಲ್ಲಿ ಕರಗಿದ ಮೇಣದ ವಾಸನೆ. ಮಕ್ಕಳು ಚಿತ್ರ ಬರೆಯುವ ಬಣ್ಣದ ಮೇಣದ ಕಡ್ಡಿಗಳ ಡಬ್ಬಿಯನ್ನು ತೆರೆದಾಗ ಬರುವ ವಾಸನೆಯೂ ಹೀಗೆಯೇ ಇರುತ್ತದೆ.

ಹಣ ಹಾಕಿ ಗುಂಡಿಯನ್ನೊತ್ತಿದೊಡನೆ ಯಂತ್ರ ಒಮ್ಮೆ ನಡುಗಿ ಎಚ್ಚರಗೊಳ್ಳುತ್ತದೆ. ಅಚ್ಚಿನ ಹೋಳುಗಳು ಮೆಲ್ಲಗೆ ಸರಿದು ಬಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಕುದಿಯುವ ನೀರಿಗಿಂತಲೂ ಬಿಸಿಯಾದ ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್ ದ್ರವ ಕೆಳಗಿನಿಂದ ಮೇಲಕ್ಕೆ ನುಗ್ಗಿ ಅಚ್ಚನ್ನು ತುಂಬುತ್ತದೆ. ಅಚ್ಚಿನ ಗೋಡೆಗಳೊಳಗೆ ತಣ್ಣನೆಯ ದ್ರವವೊಂದು ಸುತ್ತುತ್ತಿರುವುದರಿಂದ, ಗೋಡೆಗೆ ತಗುಲಿದ ಪ್ಲಾಸ್ಟಿಕ್ ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತದೆ. ಒಡಲಿನಲ್ಲಿರುವುದು ಮಾತ್ರ ಇನ್ನೂ ದ್ರವವಾಗಿಯೇ ಉಳಿದಿರುತ್ತದೆ. ಆಗ ಯಂತ್ರ ಗಾಳಿಯನ್ನೂದಿ, ಗಟ್ಟಿಯಾಗದ ಆ ಭಾಗವನ್ನು ಕೆಳಕ್ಕೆ ಹಿಂದಿರುಗಿಸುತ್ತದೆ. ಹೀಗಾಗಿ ಬೊಂಬೆ ಹೊರಗೆ ತುಂಬಿಕೊಂಡಂತೆ ಕಂಡರೂ ಒಳಗೆ ಟೊಳ್ಳು. ಹೋಳುಗಳು ಬೇರೆಯಾದಾಗ, ಒಂದು ನಿಮಿಷದ ಹಿಂದೆ ಬರಿದಾಗಿದ್ದ ಜಾಗದಲ್ಲಿ ಸಿಂಹವೊಂದು ನಿಂತಿರುತ್ತದೆ. ಲೋಹದ ಪಟ್ಟಿಯೊಂದು ಅದನ್ನು ಹಿಂದಿನಿಂದ ತಳ್ಳುತ್ತದೆ. ಸಿಂಹ ಕೆಳಗಿನ ಗೂಡಿಗೆ ಬಿದ್ದು ಮಗುವಿನ ಕೈ ಸೇರುತ್ತದೆ.

ಕೈಗೆ ಬಂದ ಬೊಂಬೆ ಬಿಸಿಯಾಗಿರುತ್ತದೆ. ಒಳಗೆ ಬಿಸಿ ಪ್ಲಾಸ್ಟಿಕ್ ಉಳಿದಿದ್ದರೆ ತೊಟ್ಟಿಕ್ಕದಿರಲೆಂದು ಸ್ವಲ್ಪ ಹೊತ್ತು ಅದನ್ನು ತಲೆಕೆಳಗಾಗಿ ಹಿಡಿದುಕೊಳ್ಳಬೇಕೆಂಬ ಸೂಚನೆಯೂ ಅಲ್ಲಿದೆ. ಮಗು ಸಿಂಹವನ್ನು ತಲೆಕೆಳಗಾಗಿ ಹಿಡಿದು, ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ, ಎಚ್ಚರದಿಂದ ಹೆಜ್ಜೆಯಿಡುತ್ತದೆ. ಅಂಗಡಿಯ ಕಪಾಟಿನಲ್ಲಿ ಕುಳಿತಿರುವ ಆಟಿಕೆಗೆ ಈ ಭಾಗ್ಯವಿಲ್ಲ. ಅದು ಎಲ್ಲಿ ಹುಟ್ಟಿತೋ, ಯಾವಾಗ ಹುಟ್ಟಿತೋ, ಕೊಂಡವರಾರೂ ಅರಿಯರು. ಈ ಸಿಂಹದ ಹುಟ್ಟನ್ನಾದರೋ ಮಗು ಕಣ್ಣಾರೆ ಕಂಡಿದೆ.

ಗೋದಲಿಯಿಂದ ಹುಟ್ಟಿದ ಯಂತ್ರ

ಈ ಯಂತ್ರದ ಹೆಸರು ಮೋಲ್ಡ್-ಎ-ರಾಮ. ಇದರ ಮೂಲಪುರುಷ ಮಿಲ್ಲರ್ ಅವರು ಇಲಿನಾಯ್ ಸಂಸ್ಥಾನದಲ್ಲಿ, ಮಿಸಿಸಿಪಿ ನದಿಯ ದಡದಲ್ಲಿರುವ ಕ್ವಿನ್ಸಿ ಎಂಬ ಊರಿನವರು. ‘ಟೈಕ್’ ಮಿಲ್ಲರ್ ಎಂದೇ ಜನ ಅವರನ್ನು ಕರೆಯುತ್ತಿದ್ದರು. 1930ರ ದಶಕದಲ್ಲಿ ಅವರ ಮನೆಯಲ್ಲಿ ಕ್ರಿಸ್‌ಮಸ್‌ಗೆ ಜೋಡಿಸುತ್ತಿದ್ದ ಗೋದಲಿಯ ಬೊಂಬೆಗಳಲ್ಲೊಂದು ಒಡೆದುಹೋಯಿತು. ಒಡೆದ ಒಂದೇ ಬೊಂಬೆಯನ್ನು ಕೊಳ್ಳಹೋದರೆ, ಯಾವ ಅಂಗಡಿಯಲ್ಲಿಯೂ ಬಿಡಿ ಬೊಂಬೆ ಸಿಗಲಿಲ್ಲ. ಕೊಂಡರೆ ಇಡೀ ಜೊತೆಯನ್ನೇ ಕೊಳ್ಳಬೇಕು. ನವರಾತ್ರಿಯಲ್ಲಿ ಬೊಂಬೆ ಕೂಡಿಸುವ ಮನೆಗಳ ಗೃಹಿಣಿಯರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಲ್ಲರ್ ತಾವೇ ಬಿಡಿ ಬೊಂಬೆಗಳನ್ನು ಗಾರೆಯಲ್ಲಿ ಎರಕ ಹೊಯ್ಯಲು ತೊಡಗಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಜರ್ಮನಿಯ ಬೊಂಬೆಗಳು ಬರುವುದು ನಿಂತುಹೋದಾಗ ಅವರ ವ್ಯಾಪಾರ ಬೆಳೆಯಿತು.

ಗಾರೆಯ ಬೊಂಬೆಗಿರುವ ಒಂದು ದೊಡ್ಡ ದೋಷವೆಂದರೆ ಅದು ಒಡೆಯುತ್ತದೆ. ಯುದ್ಧಾನಂತರ ಮಿಲ್ಲರ್ ಪ್ಲಾಸ್ಟಿಕ್‌ನ ಕಡೆಗೆ ತಿರುಗಿದರು. ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬುವ ದೊಡ್ಡ ಕಾರ್ಖಾನೆಯ ವಿಧಾನವನ್ನೇ ಕುಗ್ಗಿಸಿ, ನಾಣ್ಯ ಹಾಕಿದವರ ಕಣ್ಣೆದುರಿನಲ್ಲಿಯೇ ಒಂದೊಂದಾಗಿ ಬೊಂಬೆ ಮಾಡಿಕೊಡುವ ಕಪಾಟಿನೊಳಗೆ ಅದನ್ನು ಅಡಗಿಸಿದ್ದು ಅವರ ಜಾಣ್ಮೆ. ಆದರೆ ಅದನ್ನು ದೇಶದ ಉದ್ದಗಲಕ್ಕೆ ಹಬ್ಬಿಸುವ ಬಂಡವಾಳ ಅವರಲ್ಲಿರಲಿಲ್ಲ. ಯಂತ್ರದ ಹಕ್ಕು ಆಟೋಮ್ಯಾಟಿಕ್ ರಿಟೇಲರ್ಸ್ ಆಫ್ ಅಮೆರಿಕಾ ಎಂಬ ದೊಡ್ಡ ಸಂಸ್ಥೆಯ ಕೈಸೇರಿತು.

1962ರಲ್ಲಿ ಸಿಯಾಟಲ್ ನಗರದಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ಈ ಯಂತ್ರ ಮೊದಲ ಬಾರಿಗೆ ದೊಡ್ಡ ಜನಸಂದಣಿಯ ಮುಂದೆ ನಿಂತಿತು. ಅಲ್ಲಿ ಹೊಸದಾಗಿ ಎದ್ದಿದ್ದ 605 ಅಡಿ ಎತ್ತರದ ಸ್ಪೇಸ್ ನೀಡಲ್ ಗೋಪುರವನ್ನು ಏರಿ ಇಳಿದವರು, ಅದರ ಗೇಣುದ್ದದ ಪ್ರತಿಮೆಯನ್ನು ಬಿಸಿಬಿಸಿಯಾಗಿ ಕೈಯಲ್ಲಿ ಹಿಡಿದು ಮನೆಗೆ ಹೋದರು. ಎರಡು ವರ್ಷಗಳ ಮೇಲೆ, 1964ರಲ್ಲಿ, ನ್ಯೂಯಾರ್ಕಿನ ವಿಶ್ವಪ್ರದರ್ಶನ ಬಂದಿತು. ಅಲ್ಲಿ ಸಿಂಕ್ಲೇರ್ ಎಂಬ ಎಣ್ಣೆ ಕಂಪನಿಯವರು ಡೈನೋಸಾರ್‌ಗಳ ಒಂದು ತೋಟವನ್ನೇ ನಿರ್ಮಿಸಿದ್ದರು. ಜೀವಗಾತ್ರದ ಒಂಬತ್ತು ಡೈನೋಸಾರ್‌ಗಳು ತಯಾರಾದದ್ದು ಹಡ್ಸನ್ ನದಿಯ ಮೇಲ್ದಂಡೆಯಲ್ಲಿ. 1963ರ ಅಕ್ಟೋಬರಿನಲ್ಲಿ ಅವು ದೋಣಿಯೇರಿ ನದಿಯಲ್ಲಿ ತೇಲಿಬಂದಾಗ ನೋಡಲು ನೆರೆದ ಜನರಿಗೆ ಲೆಕ್ಕವಿರಲಿಲ್ಲ. ಆ ತೋಟದಲ್ಲಿದ್ದ ಯಂತ್ರಗಳು ಕಾಲು ಡಾಲರಿಗೆ ಒಂದರಂತೆ ಸಣ್ಣ ಡೈನೋಸಾರ್‌ಗಳನ್ನು ಎರಕ ಹೊಯ್ದುಕೊಟ್ಟವು.

ಇಷ್ಟೆಲ್ಲ ವೈಭವ ಬಹುಕಾಲ ಬಾಳಲಿಲ್ಲ. 1960ರ ದಶಕ ಮುಗಿಯುವ ವೇಳೆಗೆ ದೊಡ್ಡ ಸಂಸ್ಥೆಗೆ ಈ ವ್ಯವಹಾರದಲ್ಲಿ ಆಸಕ್ತಿ ತಗ್ಗಿತು. ಯಂತ್ರಗಳನ್ನು ಅಲ್ಲಲ್ಲಿ ಮಾರಿಬಿಟ್ಟರು. 1971ರಲ್ಲಿ ವಿಲಿಯಂ ಜೋನ್ಸ್ ಎಂಬವರು ಷಿಕಾಗೋ ಸೀಮೆಯ ಯಂತ್ರಗಳನ್ನು ಕೊಂಡರು. ಅಂದಿನಿಂದ ಆ ಕುಟುಂಬವೇ ಅವನ್ನು ಪೋಷಿಸಿಕೊಂಡು ಬಂದಿದೆ. ತಂದೆಯ ನಂತರ ಮಗ ಕೆಲಸವನ್ನು ಕೈಗೆತ್ತಿಕೊಂಡರು. ಬ್ರೂಕ್‌ಫೀಲ್ಡ್ ಊರಿನಲ್ಲಿಯೇ ಅವರ ಕಾರ್ಯಾಗಾರ. ಫ್ಲಾರಿಡಾ, ಟೆಕ್ಸಾಸ್‌ಗಳಲ್ಲಿ ಇಂಥವೇ ಯಂತ್ರಗಳು ಬೇರೆಯವರ ಆರೈಕೆಯಲ್ಲಿವೆ.

ಅರವತ್ತು ವರ್ಷ ದಾಟಿದ ಯಂತ್ರವನ್ನು ದಿನನಿತ್ಯ ದುಡಿಸುವುದು ಸುಲಭದ ಮಾತಲ್ಲ. ಮೂಲ ತಯಾರಕರಿಲ್ಲ, ಬಿಡಿಭಾಗ ಬೇಕೆಂದರೆ ಅಂಗಡಿಯಲ್ಲಿ ದೊರೆಯದು. ಸವೆದ ತುಂಡನ್ನು ಅಳೆದು ಹೊಸದನ್ನು ಮಾಡಿಸಬೇಕು. ಇಲ್ಲವೇ ಕೆಲಸ ನಿಲ್ಲಿಸಿದ ಯಂತ್ರದಿಂದ ತೆಗೆದು ಕೆಲಸ ಮಾಡುವ ಯಂತ್ರಕ್ಕೆ ಹಾಕಬೇಕು. ಪ್ಲಾಸ್ಟಿಕ್ ಅತಿಯಾಗಿ ಕಾದರೆ ಬೊಂಬೆ ಕುಸಿಯುತ್ತದೆ. ಸಾಕಷ್ಟು ಕಾಯದಿದ್ದರೆ ಸಿಂಹಕ್ಕೆ ಕಿವಿಯಿಲ್ಲ, ಆನೆಗೆ ಸೊಂಡಿಲಿಲ್ಲ. ಹಣ ಹಾಕಿದ ಮಗುವಿನ ಎದುರಿಗೆ ಯಂತ್ರ ಕೆಟ್ಟು ನಿಂತರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಬಹುದು. ಬೇಸಗೆಯ ರಜೆಯಲ್ಲಿ ಯಂತ್ರಪಾಲಕರು ಮೃಗಾಲಯದಿಂದ ಸಂಗ್ರಹಾಲಯಕ್ಕೆ, ಸಂಗ್ರಹಾಲಯದಿಂದ ಮೃಗಾಲಯಕ್ಕೆ ಓಡಾಡುವುದು ಈ ಕಾರಣಕ್ಕಾಗಿಯೇ.

ಶ್ವೇತನಗರದ ಚಪ್ಪಟೆ ಕಾಸು

ಬ್ರೂಕ್‌ಫೀಲ್ಡಿನಿಂದ ಮತ್ತೆ ನಗರಕ್ಕೆ ಮರಳಿ, ಮಿಚಿಗನ್ ಸರೋವರದ ದಂಡೆಯನ್ನು ಹಿಡಿದು ದಕ್ಷಿಣಕ್ಕೆ ಸಾಗಿದರೆ ಜ್ಯಾಕ್ಸನ್ ಉದ್ಯಾನ ಬರುತ್ತದೆ. ನಾಣ್ಯ ತೆತ್ತು ನೆನಪಿನ ಕಾಣಿಕೆ ಪಡೆಯುವ ಈ ಹವ್ಯಾಸದ ಇನ್ನೂ ಹಳೆಯ ಬೇರು ಇರುವುದು ಇಲ್ಲಿ. 1893ರಲ್ಲಿ ಈ ನೆಲದ ಮೇಲೆ ಕೊಲಂಬಿಯನ್ ವಿಶ್ವಪ್ರದರ್ಶನ ನಡೆಯಿತು. ಕೊಲಂಬಸನು ಅಮೆರಿಕವನ್ನು ತಲುಪಿದ 400ನೆಯ ವರ್ಷದ ಉತ್ಸವವದು. ಸುಣ್ಣದ ಹೊಳಪಿನ ಬಿಳಿಯ ಅರಮನೆಗಳಂಥ ಮಂಟಪಗಳು, ಕಾಲುವೆಗಳು, ಇರುಳಿನಲ್ಲಿ ಉರಿಯುವ ವಿದ್ಯುದ್ದೀಪಗಳು. ಜನ ಅದನ್ನು ಶ್ವೇತನಗರವೆಂದೇ ಕರೆದರು. ಫೆರಿಸ್ ಎಂಬ ಎಂಜಿನಿಯರು ನಿಲ್ಲಿಸಿದ 264 ಅಡಿ ಎತ್ತರದ ತಿರುಗುಚಕ್ರ ಅಲ್ಲಿನ ಪರಮಾಶ್ಚರ್ಯ. ಆರು ತಿಂಗಳಲ್ಲಿ ಸುಮಾರು 2 ಕೋಟಿ 70 ಲಕ್ಷ ಸಲ ಜನ ಆ ದ್ವಾರಗಳನ್ನು ಹೊಕ್ಕರೆಂದು ಲೆಕ್ಕ.

ಆ ಉತ್ಸವದ ಅಂಗವಾಗಿಯೇ, ಸೆಪ್ಟೆಂಬರ್ 11ರಂದು, ಸರ್ವಧರ್ಮ ಸಮ್ಮೇಳನ ಆರಂಭವಾಯಿತು. ಹಿಂದಿನ ವರ್ಷವಷ್ಟೇ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ತರುಣ ಸಂನ್ಯಾಸಿ ಸ್ವಾಮಿ ವಿವೇಕಾನಂದರು ಅಂದು ಮಾತನಾಡಿದ್ದು, ನಗರದ ನಡುವೆ ಇಂದು ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾಸಂಗ್ರಹಾಲಯವಾಗಿರುವ ಕಟ್ಟಡದಲ್ಲಿ.

ಅದೇ ಪ್ರದರ್ಶನದಲ್ಲಿ, ಮಹಾಮಂಟಪಗಳ ನಡುವೆ ಯಾರ ಗಮನವನ್ನೂ ಹೆಚ್ಚಾಗಿ ಸೆಳೆಯದ ಒಂದು ಸಣ್ಣ ಯಂತ್ರವೂ ಇತ್ತು. ಉಕ್ಕಿನ ಎರಡು ಉರುಳೆಗಳು. ಒಂದರ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆದಿತ್ತು. ಕಬ್ಬನ್ನು ಗಾಣಕ್ಕೆ ಕೊಡುವಂತೆ ಈ ಉರುಳೆಗಳ ನಡುವೆ ಒಂದು ಸೆಂಟಿನ ನಾಣ್ಯವನ್ನು ಕೊಟ್ಟು ಹಿಡಿಯನ್ನು ತಿರುಗಿಸಿದರೆ, ದುಂಡಗಿನ ಕಾಸು ಎಲೆಯಂತೆ ನೀಳವಾಗಿ, ತೆಳ್ಳಗಾಗಿ ಹೊರಬರುತ್ತಿತ್ತು. ಅದರ ಮೇಲೆ ಪ್ರದರ್ಶನದ ಹೆಸರು ಮತ್ತು 1893ರ ಅಂಕೆ. ಅಮೆರಿಕದಲ್ಲಿ ಪ್ರವಾಸಿಗಳಿಗಾಗಿ ನಾಣ್ಯವನ್ನು ಚಪ್ಪಟೆ ಮಾಡಿಕೊಡುವ ಪದ್ಧತಿಗೆ ನಾಂದಿಯಾದದ್ದು ಇದೇ.

ಪ್ರದರ್ಶನ ಮುಗಿಯಿತು. ಆ ಬಿಳಿಯ ಅರಮನೆಗಳು ಕಲ್ಲಿನವಲ್ಲ. ಗಾರೆಗೆ ಸೆಣಬಿನ ನಾರನ್ನು ಬೆರೆಸಿ ಚೌಕಟ್ಟಿನ ಮೇಲೆ ಮೆತ್ತಿದಂಥವು. 1894ರ ಬೆಂಕಿಗಳಲ್ಲಿ ಶ್ವೇತನಗರದ ಬಹುಭಾಗ ಬೂದಿಯಾಯಿತು. ಮಹಾಚಕ್ರವನ್ನೂ ಬಿಚ್ಚಿ ಬೇರೆಡೆಗೆ ಸಾಗಿಸಿದರು. ಕೊನೆಗೆ 1906ರಲ್ಲಿ ಸೇಂಟ್ ಲೂಯಿ ನಗರದಲ್ಲಿ ಸಿಡಿಮದ್ದಿಟ್ಟು ಅದನ್ನು ಕೆಡವಿದರು. ಆದರೆ ಯಾರದೋ ಜೇಬಿನಲ್ಲಿ, ಯಾರದೋ ಹೊಲಿಗೆಯ ಪೆಟ್ಟಿಗೆಯಲ್ಲಿ ಸೇರಿಕೊಂಡ ಒಂದು ಸೆಂಟಿನ ಚಪ್ಪಟೆ ಕಾಸು ಸುಡಲಿಲ್ಲ, ಕುಸಿಯಲಿಲ್ಲ. ಇಂದಿಗೂ ಸಂಗ್ರಾಹಕರ ಕೈಯಲ್ಲಿ ಆ ಕಾಸುಗಳು ಇವೆ. ಒಂದು ನಗರವನ್ನೇ ಕಟ್ಟಿ ಮೆರೆದ ಉತ್ಸವದ ಗುರುತುಗಳಲ್ಲಿ ಅತ್ಯಂತ ಅಗ್ಗವಾದದ್ದು ಬಾಳಿ ಉಳಿಯಿತು.

ಸರೋವರದ ದಂಡೆಯ ಸಂಗ್ರಹಾಲಯಗಳು

ಜ್ಯಾಕ್ಸನ್ ಉದ್ಯಾನದಲ್ಲಿ ಪ್ರದರ್ಶನದ ಒಂದು ದೊಡ್ಡ ಕಟ್ಟಡ ಮಾತ್ರ ಉಳಿದಿದೆ. ಲಲಿತಕಲೆಗಳ ಮಂಟಪವಾಗಿದ್ದ ಅದರಲ್ಲಿ ದೇಶದೇಶಗಳಿಂದ ತಂದ ಅಮೂಲ್ಯ ಚಿತ್ರಗಳನ್ನಿಡಬೇಕಾಗಿತ್ತು. ಬೆಂಕಿಯ ಭಯವಿದ್ದ ಕಟ್ಟಡಕ್ಕೆ ಅವನ್ನು ಯಾರೂ ಕೊಡುವಂತಿರಲಿಲ್ಲ. ಆದ್ದರಿಂದ ಅದೊಂದಕ್ಕೆ ಇಟ್ಟಿಗೆಯ ಗೋಡೆಗಳನ್ನು ಕಟ್ಟಿದ್ದರು. 1933ರಿಂದ ಅಲ್ಲಿರುವುದು ವಿಜ್ಞಾನ ಮತ್ತು ಕೈಗಾರಿಕೆಗಳ ಸಂಗ್ರಹಾಲಯ. ಒಳಗೆ ಹೊಕ್ಕವರು ಬೊಂಬೆಯಂತ್ರಗಳನ್ನು ಇಲ್ಲಿಯೂ ಕಾಣುವರು. ಆದರೆ ಇವುಗಳ ಅಚ್ಚಿನಲ್ಲಿರುವುದು ಸಿಂಹವಲ್ಲ, ಗೊರಿಲ್ಲವಲ್ಲ.

ಒಂದು ಯಂತ್ರದಿಂದ ಜಲಾಂತರ್ಗಾಮಿ ನೌಕೆಯೊಂದು ಹೊರಬರುತ್ತದೆ. ಅದರ ಮೂಲ ಅದೇ ಕಟ್ಟಡದೊಳಗಿದೆ: ಜರ್ಮನಿಯ ಯು-505, ಉದ್ದ 252 ಅಡಿ. 1944ರ ಜೂನ್ 4ರಂದು ಆಫ್ರಿಕದ ಪಶ್ಚಿಮ ಕರಾವಳಿಯಾಚೆ ಅಮೆರಿಕದ ನೌಕಾಪಡೆಯವರು ಅದನ್ನು ಮುಳುಗಲು ಬಿಡದೆ ಸೆರೆಹಿಡಿದರು. 1954ರಲ್ಲಿ ಅದನ್ನು ನದಿ ಸರೋವರಗಳ ಮಾರ್ಗವಾಗಿ ಷಿಕಾಗೋಗೆ ಎಳೆತಂದು, ದಂಡೆಯ ಹೆದ್ದಾರಿಯಲ್ಲಿ ವಾಹನಗಳನ್ನು ತಡೆದು ನಿಲ್ಲಿಸಿ, ರಸ್ತೆಗೆ ಅಡ್ಡಲಾಗಿ ಸರಿಸಿ ಸಂಗ್ರಹಾಲಯದ ಅಂಗಳಕ್ಕೆ ಮುಟ್ಟಿಸಿದರು. ಇನ್ನೊಂದು ಯಂತ್ರ ಕೊಡುವುದು ಪಯೊನೀರ್ ಝೆಫಿರ್ ರೈಲಿನ ಪ್ರತಿಮೆ. ತುಕ್ಕು ಹಿಡಿಯದ ಉಕ್ಕಿನ ಆ ಗಾಡಿ 1934ರ ಮೇ 26ರಂದು ಡೆನ್ವರಿನಿಂದ ಷಿಕಾಗೋಗೆ 1,015 ಮೈಲಿಗಳ ದೂರವನ್ನು 13 ಗಂಟೆ 5 ನಿಮಿಷಗಳಲ್ಲಿ ಕ್ರಮಿಸಿ, ಬೆಳಗಿನಲ್ಲಿ ಹೊರಟು ಕತ್ತಲಾಗುವುದರೊಳಗೆ ಊರು ಸೇರಿ, ಜನರನ್ನು ಬೆರಗುಗೊಳಿಸಿತ್ತು. ಈಗ ಅದೂ ಅಲ್ಲಿಯೇ ವಿಶ್ರಾಂತಿ ಪಡೆಯುತ್ತಿದೆ.

ಉತ್ತರಕ್ಕೆ ಕೆಲವು ಮೈಲಿ ಸರಿದರೆ ಫೀಲ್ಡ್ ಸಂಗ್ರಹಾಲಯ. ಇದೂ ಆ ವಿಶ್ವಪ್ರದರ್ಶನದ ಕೂಸೇ. ಅಲ್ಲಿ ಕೂಡಿಸಿದ್ದ ವಸ್ತುಗಳ ರಾಶಿಯಿಂದ ಹುಟ್ಟಿ, ಮೊದಲು ಅದೇ ಲಲಿತಕಲಾಮಂಟಪದಲ್ಲಿದ್ದು, 1921ರಲ್ಲಿ ಈಗಿನ ಭವ್ಯ ಕಟ್ಟಡಕ್ಕೆ ಬಂದಿತು. ಇಲ್ಲಿನ ಮಹಾರಾಣಿ ‘ಸ್ಯೂ’ ಎಂಬ ಟಿರಾನೋಸಾರಸ್ ರೆಕ್ಸ್. 1990ರಲ್ಲಿ ದಕ್ಷಿಣ ಡಕೋಟದಲ್ಲಿ ದೊರೆತ ಈ ಡೈನೋಸಾರಿನ ಅಸ್ಥಿಗಳು 1997ರ ಹರಾಜಿನಲ್ಲಿ ಸುಮಾರು 83 ಲಕ್ಷ 60 ಸಾವಿರ ಡಾಲರಿಗೆ ಹೋದವು. ನಲವತ್ತು ಅಡಿ ಉದ್ದದ ಆ ಮೂಳೆಗೂಡನ್ನು ಬಾಯಿ ತೆರೆದು ನೋಡಿದ ಮಗು, ಕೆಲವು ಡಾಲರುಗಳಿಗೆ ತನ್ನದೇ ಒಂದು ಟಿರಾನೋಸಾರಸ್ಸನ್ನು ಯಂತ್ರದಿಂದ ಪಡೆದು ಹೊರಡುತ್ತದೆ. ಕಾಲು ಡಾಲರಿನ ಕಾಲ ಹೋಯಿತು; ಇಂದು ಯಂತ್ರಗಳು ನೋಟನ್ನೂ ಬ್ಯಾಂಕಿನ ಕಾರ್ಡನ್ನೂ ಸ್ವೀಕರಿಸುತ್ತವೆ. ಮೇಣದ ವಾಸನೆ, ಬೊಂಬೆಯ ಬಿಸಿ, ಕಾಯುವ ಆ ಒಂದು ನಿಮಿಷ ಇವು ಬದಲಾಗಿಲ್ಲ.

ಯಂತ್ರಗಳನ್ನು ಹುಡುಕಿಕೊಂಡು ಷಿಕಾಗೋದಾಚೆಗೂ ಹೋಗುವವರಿಗೆ ಮಿಲ್ವಾಕಿಯ ಮೃಗಾಲಯವಿದೆ, ಸೇಂಟ್ ಪಾಲ್ ನಗರದ ಕೋಮೋ ಮೃಗಾಲಯವಿದೆ, ಡಿಟ್ರಾಯಿಟ್ ಬಳಿಯ ಡಿಯರ್‌ಬಾರ್ನಿನಲ್ಲಿ ಹೆನ್ರಿ ಫೋರ್ಡ್ ಸಂಗ್ರಹಾಲಯವಿದೆ. ಈ ಕೊನೆಯದರಲ್ಲಿ ದೊರೆತಿರುವ ಬೊಂಬೆಗಳಲ್ಲೊಂದು ಒಂದು ಬಸ್ಸು. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿ ನಗರದಲ್ಲಿ, ಕರಿಯರಾದವರು ಬಿಳಿಯರಿಗೆ ಎದ್ದು ಜಾಗ ಕೊಡಬೇಕೆಂಬ ಕಟ್ಟಳೆಗೆ ಮಣಿಯದೆ ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಕುಳಿತೇ ಇದ್ದ ಬಸ್ಸು ಅದು. ಮುಂದೆ ಗಾಂಧೀಜಿಯವರ ಅಹಿಂಸೆಯ ದಾರಿಯನ್ನು ಮಾರ್ಟಿನ್ ಲೂಥರ್ ಕಿಂಗರು ಹಿಡಿದು ನಡೆಸಿದ ಚಳವಳಿಗೆ ಅಲ್ಲಿಂದಲೇ ಕಿಡಿ ಹತ್ತಿತು. ಮೂಲ ಬಸ್ಸನ್ನು ಸಂಗ್ರಹಾಲಯ 2001ರಲ್ಲಿ ಕೊಂಡು ದುರಸ್ತಿ ಮಾಡಿಸಿ ಇಟ್ಟಿದೆ. ಅಂಗೈಯ ಮೇಲಿನ ಬಸ್ಸನ್ನು ತಿರುಗಿಸಿ ನೋಡುತ್ತ, ‘ಇದು ಯಾರ ಬಸ್ಸು?’ ಎಂದು ಮಗು ಕೇಳಿದರೆ, ಹಿರಿಯರು ಒಂದು ದೊಡ್ಡ ಕತೆಯನ್ನು ಹೇಳಲೇಬೇಕಾಗುತ್ತದೆ.

ಸಂಗ್ರಾಹಕರ ಲೋಕ

ಇಂಥ ಬೊಂಬೆಗಳನ್ನೂ ಚಪ್ಪಟೆ ಕಾಸುಗಳನ್ನೂ ಕೂಡಿಹಾಕುವುದು ಮಕ್ಕಳ ಕೆಲಸವೆಂದು ತಿಳಿದರೆ ತಪ್ಪಾದೀತು. ತಲೆ ನರೆತ ಸಂಗ್ರಾಹಕರು ಎಷ್ಟೋ ಮಂದಿಯಿದ್ದಾರೆ. ಬೊಂಬೆಗಳ ಸಂಗ್ರಾಹಕರು ಮೊದಲು ನೋಡುವುದು ಪೀಠವನ್ನು. ಯಾವ ಊರಿನ ಯಂತ್ರವೆಂಬುದು ಬಹುಮಟ್ಟಿಗೆ ಅಲ್ಲಿಯೇ ಅಚ್ಚಾಗಿರುತ್ತದೆ. ಒಂದೇ ಅಚ್ಚಿನ ಆನೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಬಣ್ಣದಲ್ಲಿ ಬಂದಿರಬಹುದು. ಮುಚ್ಚಿಹೋದ ಮೃಗಾಲಯದ, ಮುಗಿದುಹೋದ ಪ್ರದರ್ಶನದ ಬೊಂಬೆಗೆ ಬೆಲೆ ಹೆಚ್ಚು. ಅಚ್ಚು ಸರಿಯಾಗಿ ತುಂಬದೆ ಅರ್ಧ ಮುಖದೊಡನೆ ಹುಟ್ಟಿದ ಬೊಂಬೆಯನ್ನು ಸಾಮಾನ್ಯರು ಹಿಂದಿರುಗಿಸಿದರೆ, ಸಂಗ್ರಾಹಕರು ಅದನ್ನೇ ಬಯಸಿ ಪಡೆಯುವುದುಂಟು.

ಚಪ್ಪಟೆ ಕಾಸಿನವರದು ಇನ್ನೂ ಹಳೆಯ ಪಂಥ. 1966ರಲ್ಲಿಯೇ ಅವರದೊಂದು ಸಂಘ ಅಮೆರಿಕದಲ್ಲಿ ಸ್ಥಾಪನೆಯಾಯಿತು. ಬಹುತೇಕ ಯಾವ ಪ್ರವಾಸಿ ತಾಣಕ್ಕೆ ಹೋದರೂ ಹಿಡಿಯುಳ್ಳ ಆ ಯಂತ್ರ ಇದ್ದೇ ಇರುತ್ತದೆ. ಬಹುಕಾಲ ಅದರ ಕ್ರಮ ಹೀಗಿತ್ತು: ಕಾಲು ಡಾಲರಿನ ಎರಡು ನಾಣ್ಯಗಳು ಯಂತ್ರದ ಕೂಲಿ; ಒಂದು ಸೆಂಟು, ಅಂದರೆ ಜನರ ಬಾಯಿನ ‘ಪೆನ್ನಿ’, ಚಪ್ಪಟೆಯಾಗಲಿಕ್ಕೆ. ಅನುಭವಿಗಳು ಸಣ್ಣ ಮಿಠಾಯಿಗಳು ಬರುವ ಪ್ಲಾಸ್ಟಿಕ್ ಕೊಳವೆಯನ್ನು ತೊಳೆದಿಟ್ಟುಕೊಂಡು, ಎರಡು ಕಾಲು ಡಾಲರ್, ಒಂದು ಪೆನ್ನಿ, ಮತ್ತೆ ಎರಡು, ಮತ್ತೆ ಒಂದು ಎಂದು ಸಾಲಾಗಿ ತುಂಬಿಕೊಂಡು ಪ್ರವಾಸ ಹೊರಡುತ್ತಾರೆ. ಯಂತ್ರದ ಮುಂದೆ ಚಿಲ್ಲರೆಗಾಗಿ ಪರದಾಡುವವರನ್ನು ಕಂಡು ಅವರು ಒಳಗೊಳಗೇ ನಗುತ್ತಿದ್ದರೆ ಆಶ್ಚರ್ಯವಿಲ್ಲ.

ಪೆನ್ನಿಯಲ್ಲಿಯೂ ಒಳ್ಳೆಯದು ಕೆಟ್ಟದು ಉಂಟು. 1982ಕ್ಕೆ ಹಿಂದಿನ ಪೆನ್ನಿಯಲ್ಲಿ 100ಕ್ಕೆ 95 ಭಾಗ ತಾಮ್ರ, ತೂಕ 3.11 ಗ್ರಾಂ. ಆ ವರ್ಷದಲ್ಲಿ ತಾಮ್ರದ ಬೆಲೆಯೇರಿದ ಕಾರಣ ಸರ್ಕಾರ ಸತುವಿನ ಬಿಲ್ಲೆಗೆ ತಾಮ್ರದ ತೆಳುಲೇಪ ಕೊಡಲಾರಂಭಿಸಿತು, ತೂಕ 2.5 ಗ್ರಾಂಗೆ ಇಳಿಯಿತು. ಇಂಥ ಹೊಸ ಪೆನ್ನಿ ಉರುಳೆಗಳ ನಡುವೆ ಸಿಕ್ಕಾಗ ಲೇಪ ಹರಿದು ಒಳಗಿನ ಸತುವಿನ ಬೂದುಬಣ್ಣದ ಗೆರೆಗಳು ಇಣುಕುತ್ತವೆ. ಹಳೆಯ ಪೆನ್ನಿಯಾದರೆ ತಾಮ್ರದ ಕೆಂಪು ಎಲ್ಲ ಕಡೆ ಒಂದೇ ಸಮ. ಆದ್ದರಿಂದ ಸಂಗ್ರಾಹಕರು ಹಳೆಯವನ್ನು ಆರಿಸಿ, ತಿಕ್ಕಿ ತೊಳೆದು ಹೊಳಪು ಮಾಡಿ ಸಿದ್ಧವಾಗಿಟ್ಟುಕೊಳ್ಳುತ್ತಾರೆ. 1909ರಿಂದ ಪೆನ್ನಿಯ ಮೇಲಿರುವುದು ಇಲಿನಾಯ್‌ನಲ್ಲಿ ವಕೀಲರಾಗಿ ಬಾಳಿದ ಲಿಂಕನ್ನರ ಮುಖ. ಚಪ್ಪಟೆಯಾದ ಮೇಲೂ ಕೆಲವೊಮ್ಮೆ ಹಿಂಬದಿಯಲ್ಲಿ ಆ ಗಡ್ಡದ ಮುಖ ನೀರಿನಲ್ಲಿ ಕಂಡ ನೆರಳಿನಂತೆ ಉದ್ದುದ್ದವಾಗಿ ಉಳಿದಿರುತ್ತದೆ.

ನಾಣ್ಯವನ್ನು ಹೀಗೆ ಕೆಡಿಸುವುದು ಅಪರಾಧವಲ್ಲವೇ ಎಂಬ ಸಂದೇಹ ಸಹಜವಾದದ್ದು. ಅಮೆರಿಕದ ಕಾನೂನು ಶಿಕ್ಷಿಸುವುದು ಮೋಸಮಾಡುವ ಉದ್ದೇಶದಿಂದ ನಾಣ್ಯವನ್ನು ವಿರೂಪಗೊಳಿಸುವವರನ್ನು. ನೆನಪಿಗಾಗಿ ಚಪ್ಪಟೆ ಮಾಡಿಕೊಂಡರೆ ಅಡ್ಡಿಯಿಲ್ಲ. ಭಾರತದಲ್ಲಿ ಈ ಸಡಿಲಿಕೆಯಿಲ್ಲ. 2011ರ ನಾಣ್ಯ ಶಾಸನ ನಾಣ್ಯವನ್ನು ಕರಗಿಸುವುದನ್ನೂ ನಾಶಪಡಿಸುವುದನ್ನೂ ನಿಷೇಧಿಸಿದೆ. ಆದರೂ ನಾಣ್ಯ ಹಾಕಿ ಕಾಣಿಕೆ ಪಡೆಯುವ ಸುಖ ಕನ್ನಡ ನಾಡಿನವರಿಗೆ ಅಪರಿಚಿತವಾದದ್ದಲ್ಲ. ರೈಲು ನಿಲ್ದಾಣದ ತೂಕದ ಯಂತ್ರವನ್ನು ಕಂಡವರಾರು ಮರೆತಾರು? ಮಿನುಗುವ ಬಣ್ಣದ ದೀಪಗಳು, ಗಿರ್ರನೆ ತಿರುಗುವ ಚಕ್ರ, ಅದು ನಿಂತ ಮೇಲೆ ಹಾಕಬೇಕಾದ ನಾಣ್ಯ, ‘ಟಪ್’ ಎಂದು ಬೀಳುವ ದಪ್ಪ ರಟ್ಟಿನ ಚೀಟಿ! ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯದ ಒಂದು ಸಾಲು. ಅದೃಷ್ಟವಿದ್ದರೆ ಸಿನಿಮಾ ತಾರೆಯ ಚಿತ್ರ. ತೂಕದ ಗೊಡವೆಯೇ ಇಲ್ಲದ ಮಕ್ಕಳು ಆ ಚೀಟಿಗಳನ್ನು ಪುಸ್ತಕದ ನಡುವೆ ಜೋಪಾನ ಮಾಡುತ್ತಿದ್ದರು. ಬ್ರೂಕ್‌ಫೀಲ್ಡಿನ ಸಿಂಹಕ್ಕೂ ಆ ಚೀಟಿಗೂ ಇರುವ ದೂರ ಬಹಳವಲ್ಲ.

ಪೆನ್ನಿಯ ವಿದಾಯ

2025ರ ನವೆಂಬರ್ 12ರಂದು ಫಿಲಡೆಲ್ಫಿಯದ ಟಂಕಸಾಲೆಯಲ್ಲಿ, ಚಲಾವಣೆಗಾಗಿ ಹೊಡೆಯುವ ಪೆನ್ನಿಗಳಲ್ಲಿ ಕೊನೆಯವನ್ನು ಹೊಡೆದು ಯಂತ್ರವನ್ನು ನಿಲ್ಲಿಸಿದರು. 1793ರಲ್ಲಿ ಆರಂಭವಾದ ಒಂದು ಪದ್ಧತಿ 232 ವರ್ಷಗಳ ಮೇಲೆ ಮುಗಿಯಿತು. ಕಾರಣ ಸರಳವಾದದ್ದು: 2024ರ ಲೆಕ್ಕದಂತೆ ಒಂದು ಸೆಂಟಿನ ನಾಣ್ಯವನ್ನು ತಯಾರಿಸಲು ಸರ್ಕಾರಕ್ಕೆ 3.69 ಸೆಂಟು ಖರ್ಚು ಬೀಳುತ್ತಿತ್ತು.

ಇರುವ ಪೆನ್ನಿಗಳ ಮಾನ್ಯತೆಯನ್ನು ಯಾರೂ ಕಿತ್ತುಕೊಂಡಿಲ್ಲ. ಜನರ ಮನೆಯ ಡಬ್ಬಿಗಳಲ್ಲಿ, ಜಾಡಿಗಳಲ್ಲಿ ಅವು ಕೋಟಿಕೋಟಿಯಾಗಿ ಬಿದ್ದಿವೆ. ಚಪ್ಪಟೆ ಮಾಡುವ ಯಂತ್ರಗಳಿಗೆ ಈಗಲೇ ಬರಗಾಲವೇನೂ ಇಲ್ಲ. ಕೆಲವು ಯಂತ್ರಗಳು ಲೋಹದ ಖಾಲಿ ಬಿಲ್ಲೆಗಳನ್ನು ತಮ್ಮ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿದ್ದು, ಹಣ ಹಾಕಿದವರಿಗೆ ಅವನ್ನೇ ಅಚ್ಚೊತ್ತಿ ಕೊಡುತ್ತವೆ. ಆದರೆ ತನ್ನ ಜೇಬಿನಿಂದ ತೆಗೆದ ಕಾಸು ತನ್ನ ಕೈಯ ಬಲದಿಂದಲೇ ರೂಪ ಬದಲಿಸಿ ಮರಳಿ ಬರುವುದಕ್ಕೂ, ಯಾರೋ ತುಂಬಿಟ್ಟ ಬಿಲ್ಲೆ ಬಂದು ಬೀಳುವುದಕ್ಕೂ ವ್ಯತ್ಯಾಸವಿಲ್ಲವೇ? ಸಂಗ್ರಾಹಕರ ಕೊರಗು ಇರುವುದು ಇದರಲ್ಲಿಯೇ. ಅತ್ತ ಬೊಂಬೆಯಂತ್ರಗಳ ಪಾಡೂ ಬೇರೆಯಲ್ಲ. ಪಾಲಕರ ಕೈ ಸೋತ ದಿನ, ಸವೆದ ಭಾಗವನ್ನು ಮಾಡಿಕೊಡುವ ಕುಶಲಿ ಸಿಗದ ದಿನ, ಆ ಗುಮ್ಮಟದೊಳಗಿನ ಅಚ್ಚು ತೆರೆದಂತೆಯೇ ನಿಂತುಬಿಡುವುದು.

ಆ ದಿನ ಇನ್ನೂ ಬಂದಿಲ್ಲ. ಬ್ರೂಕ್‌ಫೀಲ್ಡಿನಿಂದ ಸಂಜೆಯ ರೈಲಿನಲ್ಲಿ ನಗರಕ್ಕೆ ಮರಳುವ ಕುಟುಂಬಗಳನ್ನು ನೋಡಬೇಕು. ಹಿರಿಯರು ನಡೆದು ದಣಿದಿದ್ದಾರೆ. ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ತೂಕಡಿಸುತ್ತಿದ್ದಾರೆ. ಆ ದಿನ ಕಂಡ ನೂರು ಪ್ರಾಣಿಗಳಲ್ಲಿ ಮೂರೋ ನಾಲ್ಕೋ ನೆನಪಿನಲ್ಲಿ ಉಳಿದಾವು. ಕೊಂಡ ತಿಂಡಿ ಅಲ್ಲಿಯೇ ಮುಗಿಯಿತು. ಶ್ವೇತನಗರವನ್ನು ನೋಡಲು 1893ರಲ್ಲಿ ಇದೇ ಷಿಕಾಗೋಗೆ ಬಂದವರ ಮಕ್ಕಳೂ ಹೀಗೆಯೇ ತೂಕಡಿಸುತ್ತ ಊರಿಗೆ ಮರಳಿರಬೇಕು, ಮುಷ್ಟಿಯಲ್ಲಿ ಒಂದು ಚಪ್ಪಟೆ ಕಾಸನ್ನು ಬಿಗಿಹಿಡಿದು. ರೈಲಿನ ಕಿಟಕಿಯ ಬದಿಯಲ್ಲಿ ಮಲಗಿದ ಮಗುವಿನ ಮಡಿಲಿನಲ್ಲಿ ಮೇಣದ ವಾಸನೆಯ ಸಿಂಹವೊಂದಿದೆ. ಅದರ ಬಿಸಿ ಎಂದೋ ಆರಿಹೋಗಿದೆ. ಆದರೂ ಮಗುವಿನ ಬೆರಳುಗಳು ಅದನ್ನು ಬಿಟ್ಟಿಲ್ಲ.